ಪುಣೆಯ ಇತಿಹಾಸ ಸಭೆಗಳೂ ನಮ್ಮ ಮನೆಯ ಕಾಗದಗಳೂ

ರಾಜ್ಯೋತ್ಸವವೆಂದರೆ ನಾಡಿನ ಹಿರಿಮೆಯನ್ನು ನೆನೆಯುವ ದಿನ. ಪುಲಿಕೇಶಿ, ನೃಪತುಂಗ, ವಿಕ್ರಮಾದಿತ್ಯ, ಕೃಷ್ಣದೇವರಾಯ—ಈ ಹೆಸರುಗಳು ಬಾರದ ರಾಜ್ಯೋತ್ಸವದ ಭಾಷಣವನ್ನು ನಮ್ಮಲ್ಲಿ ಯಾರೂ ಕೇಳಿರಲಾರರು. ತವರಿನ ಹಿರಿಮೆಯನ್ನು ಮಕ್ಕಳ ಮುಂದೆ ಹೇಳಿಕೊಳ್ಳದ ತಾಯಿಯುಂಟೆ? ಅದು ಆಗಬೇಕಾದದ್ದೇ. ಆದರೆ ಹೆಸರುಗಳನ್ನು ನೆನೆಯುವುದು ಬೇರೆ, ಇತಿಹಾಸವನ್ನು ಅರಿಯುವುದು ಬೇರೆ. ಹೊಗಳಿಕೆಗೆ ಒಂದು ವೇದಿಕೆ, ಒಂದು ಹಾರ, ಒಂದು ಗಂಟೆಯ ಅವಕಾಶ ಸಾಕು. ಅರಿವಿಗೆ ಆಧಾರ ಬೇಕು. ಆಧಾರವನ್ನು ಓದಬಲ್ಲವರು ಬೇಕು. ಓದಿದ್ದನ್ನು ಒರೆಗೆ ಹಚ್ಚಿ ನೋಡುವ ಸಭೆ ಬೇಕು. ಅಂಥ ಸಭೆಯೊಂದು ನಾವು ಬಂದು ನೆಲಸಿರುವ ಈ ಪುಣೆಯಲ್ಲಿಯೇ ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿದೆ. ಅದು ಎಂಥದು, ಕನ್ನಡಿಗರಿಗೂ ಅದಕ್ಕೂ ಏನು ನಂಟು, ಖರಾಡಿಯಲ್ಲಿರುವ ನಾವು ಅದರ ಬಾಗಿಲನ್ನು ಏಕೆ ತಟ್ಟಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಸದಾಶಿವ ಪೇಟೆಯ ಮಂಡಳ

ಕ್ರಿ. ಶ. ೧೯೧೦ನೆಯ ಇಸವಿಯ ಜುಲೈ ೭ರಂದು ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವು ಸ್ಥಾಪನೆಯಾಯಿತು. ಸ್ಥಾಪಿಸಿದವರು ಇತಿಹಾಸಾಚಾರ್ಯ ವಿಶ್ವನಾಥ ಕಾಶೀನಾಥ ರಾಜವಾಡೆ ಹಾಗೂ ಸರದಾರ ಖಂಡೇರಾವ ಮೆಹೆಂದಳೆ. ರಾಜವಾಡೆಯವರು ೧೮೬೩ರಲ್ಲಿ ಹುಟ್ಟಿ ೧೯೨೬ರಲ್ಲಿ ತೀರಿಕೊಂಡರು. ಊರೂರು ಅಲೆದು, ಹಳೆಯ ಮನೆತನಗಳ ಅಟ್ಟಗಳನ್ನೂ ಪೆಟ್ಟಿಗೆಗಳನ್ನೂ ತೆರೆಸಿ, ಹುಳು ಹಿಡಿಯುತ್ತಿದ್ದ ಕಾಗದಗಳನ್ನು ಕೂಡಿಹಾಕುವುದರಲ್ಲಿಯೇ ಅವರು ಬಾಳನ್ನು ಸವೆಸಿದರು. ಹಾಗೆ ಕೂಡಿಸಿದ ಮರಾಠರ ಇತಿಹಾಸದ ಸಾಧನಗಳನ್ನು ೧೮೯೮ರಿಂದ ಮೊದಲುಮಾಡಿ ೨೨ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಮೂಲ ಕಾಗದವನ್ನು ತೋರಿಸದೆ ಇತಿಹಾಸದ ಮಾತನ್ನಾಡಬಾರದೆಂಬುದು ಅವರ ಕಟ್ಟುನಿಟ್ಟು.

ಸರಕಾರದ ಕಚೇರಿಯೂ ಅಲ್ಲದ, ವಿಶ್ವವಿದ್ಯಾಲಯವೂ ಅಲ್ಲದ ಈ ಮಂಡಳವನ್ನು ಊರಿನ ಜನರೇ ನಡೆಸಿದರು. ವಕೀಲರು, ಶಾಲಾಮಾಸ್ತರರು, ಇನಾಮದಾರರು, ಪುರೋಹಿತರು—ಇಂಥವರೇ ಅದರ ಸದಸ್ಯರು. ಮಹಾಮಹೋಪಾಧ್ಯಾಯ ದತ್ತೋ ವಾಮನ ಪೋತದಾರರು ಬಹುಕಾಲ ಅದರ ಹೊಣೆಯನ್ನು ಹೊತ್ತರು. ಗಣೇಶ ಹರಿ ಖರೆಯವರು ಅದರ ಸಂಗ್ರಹವನ್ನು ಕಾಪಾಡಿದರು. ದಕ್ಷಿಣದ ಮಧ್ಯಯುಗದ ಇತಿಹಾಸಸಾಧನಗಳೆಂದು ಖರೆಯವರು ಪ್ರಕಟಿಸಿದ ಸಂಪುಟಗಳಲ್ಲಿ ಕನ್ನಡ ಶಾಸನಗಳೂ ಸೇರಿವೆಯೆಂಬುದನ್ನು ನಮ್ಮವರು ಕೃತಜ್ಞತೆಯಿಂದ ನೆನೆಯಬೇಕು. ಇಂದು ಸದಾಶಿವ ಪೇಟೆಯಲ್ಲಿರುವ ಮಂಡಳದ ಕಟ್ಟಡದಲ್ಲಿ ಮೋಡಿ, ಪಾರಸಿ ಮುಂತಾದ ಲಿಪಿಗಳ ಹದಿನೈದು ಲಕ್ಷದಷ್ಟು ಐತಿಹಾಸಿಕ ಕಾಗದಗಳೂ, ಮೂವತ್ತು ಸಾವಿರದಷ್ಟು ಹಸ್ತಪ್ರತಿಗಳೂ, ಚಿತ್ರಗಳೂ, ನಾಣ್ಯಗಳೂ ಇವೆಯೆಂದು ಅಂದಾಜು.

ಸಂಗ್ರಹಕ್ಕಿಂತಲೂ ಮಿಗಿಲಾದ ಇನ್ನೊಂದು ಆಸ್ತಿ ಮಂಡಳಕ್ಕಿದೆ. ಅದು ಅದರ ಪಾಕ್ಷಿಕ ಸಭೆ. ಹದಿನೈದು ದಿನಕ್ಕೊಮ್ಮೆ ಜನ ಕೂಡುವುದು, ಒಬ್ಬರು ತಮಗೆ ದೊರೆತ ಕಾಗದವನ್ನೋ ನಾಣ್ಯವನ್ನೋ ಶಾಸನದ ಪಡಿಯಚ್ಚನ್ನೋ ಸಭೆಯ ಮುಂದಿಟ್ಟು ಅದರ ಮೇಲೆ ಟಿಪ್ಪಣಿ ಓದುವುದು, ಉಳಿದವರು ಪ್ರಶ್ನಿಸುವುದು, ನಿಂತ ಮಾತು ತ್ರೈಮಾಸಿಕದಲ್ಲಿ ಅಚ್ಚಾಗುವುದು—ಇದು ಅಲ್ಲಿಯ ಪದ್ಧತಿ. ಪುಣೆಗೆ ಇಂಥ ಕೇಳುವ ರೂಢಿ ಹೊಸದೇನಲ್ಲ. ನ್ಯಾಯಮೂರ್ತಿ ರಾನಡೆಯವರು ೧೮೭೫ರಲ್ಲಿ ತೊಡಗಿಸಿದ ವಸಂತ ವ್ಯಾಖ್ಯಾನಮಾಲೆಯು ಈ ಊರಿನ ಜನರಿಗೆ ಬೇಸಗೆಯ ಸಂಜೆ ಕುಳಿತು ವ್ಯಾಖ್ಯಾನ ಕೇಳುವುದನ್ನು ಆಗಲೇ ಕಲಿಸಿದ್ದಿತು. ವ್ಯಾಖ್ಯಾನಮಾಲೆಯಲ್ಲಿ ಒಬ್ಬರು ಹೇಳುತ್ತಾರೆ, ನೂರಾರು ಜನ ಕೇಳುತ್ತಾರೆ. ಪಾಕ್ಷಿಕ ಸಭೆಯಲ್ಲಾದರೋ ಹೇಳಿದವರು ಉತ್ತರವನ್ನೂ ಕೊಡಬೇಕು.

ಒಂದು ಮನೆತನದ ಟಿಪ್ಪಣಿ ಮಾಡಿದ ಕೆಲಸ

ಇಂಥ ಸಭೆಗಳಿಂದ ಆಗುವುದಾದರೂ ಏನು ಎಂದು ಯಾರಾದರೂ ಕೇಳಬಹುದು. ಒಂದೇ ಉದಾಹರಣೆ ಸಾಕು.

ಶಿವಾಜಿ ಮಹಾರಾಜರು ಶಕ ೧೫೪೯ರಲ್ಲಿ, ಎಂದರೆ ಕ್ರಿ. ಶ. ೧೬೨೭ರಲ್ಲಿ ಹುಟ್ಟಿದರೆಂದು ಬಹುಕಾಲ ಜನ ನಂಬಿದ್ದರು. ಬಖರುಗಳಲ್ಲಿಯೂ ಶಾಲೆಯ ಪುಸ್ತಕಗಳಲ್ಲಿಯೂ ಅದೇ ಇದ್ದಿತು. ಕಾರಿ ಎಂಬ ಹಳ್ಳಿಯ ಜೇಧೆ ದೇಶಮುಖರ ಮನೆಯಲ್ಲಿ ಒಂದು ಹಳೆಯ ಟಿಪ್ಪಣಿಯ ಪುಸ್ತಕವಿದ್ದಿತು. ವರ್ಷವರ್ಷದ ಘಟನೆಗಳನ್ನು ಒಂದೆರಡು ಸಾಲುಗಳಲ್ಲಿ ಬರೆದಿಟ್ಟದ್ದು, ಅಷ್ಟೆ. ಅದು ಲೋಕಮಾನ್ಯ ತಿಲಕರ ಕೈಸೇರಿತು. ತಿಲಕರು ಅದನ್ನು ಮಂಡಳದ ಮುಂದಿಟ್ಟರು. ೧೯೧೬ರಲ್ಲಿ ಮಂಡಳದ ಸಮ್ಮೇಲನ ವೃತ್ತದಲ್ಲಿ ಅದು 'ಜೇಧೆ ಶಕಾವಲಿ' ಎಂಬ ಹೆಸರಿನಿಂದ ಪ್ರಕಟವಾಯಿತು. ಅದರಲ್ಲಿ ಮಹಾರಾಜರ ಜನನವು ಶಕ ೧೫೫೧ರ ಫಾಲ್ಗುಣ ವದ್ಯ ತದಿಗೆಯೆಂದು ಇದ್ದಿತು. ಈಗಿನ ಲೆಕ್ಕದಲ್ಲಿ ೧೬೩೦ರ ಫೆಬ್ರುವರಿ ೧೯. ಒಂದು ಮನೆಯ ಟಿಪ್ಪಣಿಯನ್ನು ನಂಬಿ ಎಲ್ಲರೂ ಬಲ್ಲ ತಿಥಿಯನ್ನು ಕೈಬಿಡುವುದೆ? ವಾದ ನಡೆಯಿತು. ಆಮೇಲೆ ತಂಜಾವೂರಿನ ಗ್ರಂಥಭಂಡಾರದಲ್ಲಿ ಸದಾಶಿವ ಮಹಾದೇವ ದಿವೇಕರರಿಗೆ ದೊರೆತ ಕವೀಂದ್ರ ಪರಮಾನಂದನ ಸಂಸ್ಕೃತ 'ಶಿವಭಾರತ'ವೂ ಅದೇ ತಿಥಿಯನ್ನು ಹೇಳಿತು. ಆದರೂ ವಾದ ಮುಗಿಯಲು ಎಷ್ಟೋ ದಶಕಗಳು ಹಿಡಿದವು. ೨೦೦೧ರಲ್ಲಿ ಮಹಾರಾಷ್ಟ್ರ ಸರಕಾರವು ಫೆಬ್ರುವರಿ ೧೯ನ್ನೇ ಅಂಗೀಕರಿಸಿತು. ಈಗ ಪ್ರತಿವರ್ಷವೂ ಆ ದಿನ ನಮ್ಮ ಮಕ್ಕಳಿಗೆ ಶಾಲೆಗೆ ಸೂಟಿ.

ಇದರಲ್ಲಿ ನಾವು ನೋಡಬೇಕಾದದ್ದೇನು? ಇಡಿಯ ನಾಡಿನ ನಂಬಿಕೆಯನ್ನು ತಿದ್ದಿದ ಕಾಗದವು ಅರಮನೆಯಿಂದ ಬರಲಿಲ್ಲ. ಹಳ್ಳಿಯೊಂದರ ಮನೆಯಿಂದ ಬಂದಿತು. ಆ ಮನೆಯವರು ಅದನ್ನು ರದ್ದಿಗೆ ಹಾಕಿದ್ದರೆ? ಅಥವಾ ಅದನ್ನು ತಂದು ತೋರಿಸುವ ಸಭೆಯೇ ಇಲ್ಲದಿದ್ದರೆ?

ಧಾರವಾಡದ ಮಂಡಳ

ನಮ್ಮ ನಾಡೂ ಈ ದಾರಿಯಲ್ಲಿ ಹಿಂದುಳಿಯಲಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯು ೧೯೦೯ರಲ್ಲಿಯೇ, ಪುಣೆಯ ಮಂಡಳಕ್ಕಿಂತ ಒಂದು ವರ್ಷ ಮೊದಲೇ, ಹುಟ್ಟಿತು. ಉತ್ತರ ಕರ್ನಾಟಕದ ಕಥೆಯಾದರೋ ಪುಣೆಯೊಡನೆ ಹೆಣೆದುಕೊಂಡಿದೆ.

ವಿಜಾಪುರದಲ್ಲಿ ೧೮೮೦ರಲ್ಲಿ ಹುಟ್ಟಿದ ಆಲೂರು ವೆಂಕಟರಾಯರು ಬಿ. ಎ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಆಗಿನ ಪುಣೆ ಇತಿಹಾಸದ ಮಾತಿನಿಂದ ಕುದಿಯುತ್ತಿದ್ದ ಪುಣೆ. ಇಲ್ಲಿಯ ಓದನ್ನು ಮುಗಿಸಿ ಹೋದ ಆಲೂರರು ೧೯೦೫ರಲ್ಲಿ ಆನೆಗೊಂದಿಯ ನವಬೃಂದಾವನವನ್ನೂ ಹಂಪೆಯನ್ನೂ ಕಂಡರು. ಆ ಯಾತ್ರೆಯೇ ತಮ್ಮ ಬಾಳಿನ ದಿಕ್ಕನ್ನು ತಿರುಗಿಸಿತೆಂದು ಅವರೇ ಬರೆದುಕೊಂಡಿದ್ದಾರೆ. ಪುಣೆಯಲ್ಲಿ ಮಂಡಳವು ಹುಟ್ಟಿದ ನಾಲ್ಕೇ ವರ್ಷಕ್ಕೆ, ೧೯೧೪ರಲ್ಲಿ, ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವು ಹುಟ್ಟಿತು. ಅದರ ಹಿಂದೆ ಆಲೂರರೂ ಇದ್ದರು, ನಾ. ಶ್ರೀ. ರಾಜಪುರೋಹಿತರಂಥ ಸಂಶೋಧಕರೂ ಇದ್ದರು. ೧೯೧೭ರಲ್ಲಿ ಆಲೂರರ 'ಕರ್ನಾಟಕ ಗತವೈಭವ'ವು ಹೊರಬಂದಿತು. ಕನ್ನಡ ಮಾತನಾಡುವ ಜಿಲ್ಲೆಗಳೆಲ್ಲ ಒಂದು ರಾಜ್ಯವಾಗಬೇಕೆಂಬ ಹಂಬಲಕ್ಕೆ ಆ ಗ್ರಂಥವು ಕೊಟ್ಟ ಬಲ ಎಲ್ಲರಿಗೂ ಗೊತ್ತಿದ್ದದ್ದೇ. ೧೯೩೬ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವವಾದಾಗ ಧಾರವಾಡದ ಇದೇ ಮಂಡಳವು ಮುಂದೆ ನಿಂತು ಸ್ಮಾರಕಗ್ರಂಥವನ್ನು ಹೊರತರಿಸಿತು.

ಹೀಗೆ ೧೯೫೬ರ ನವೆಂಬರ್ ೧ರ ಹಿಂದೆ ಕಚೇರಿಗಳ ಕಡತಗಳಷ್ಟೇ ಅಲ್ಲ, ಇಂಥ ಸಣ್ಣ ಸಣ್ಣ ಸಭೆಗಳ ದೀರ್ಘ ತಪಸ್ಸೂ ಇದೆ. ಧಾರವಾಡದಲ್ಲಿ ೧೮೯೦ರಿಂದ ನಡೆದ ವಿದ್ಯಾವರ್ಧಕ ಸಂಘದ ಕೂಟಗಳು, ೧೯೨೬ರಿಂದ ಬೇಂದ್ರೆಯವರೂ ಅವರ ಗೆಳೆಯರೂ ತೊಡಗಿಸಿದ ನಾಡಹಬ್ಬದ ಉಪನ್ಯಾಸಗಳು ಜನರನ್ನು ಕೂಡಿಸಿದವು. ಇತಿಹಾಸ ಮಂಡಳವು ಆ ಮಾತುಗಳಿಗೆ ಆಧಾರವನ್ನು ಒದಗಿಸಿತು. ನವರಾತ್ರಿಯಲ್ಲಿ ಅಜ್ಜನ ಕೈಹಿಡಿದು ನಾಡಹಬ್ಬದ ಭಾಷಣಕ್ಕೆ ಹೋದವರು ನಮ್ಮ ಖರಾಡಿಯಲ್ಲಿಯೂ ಕೆಲವರಾದರೂ ಇರಬಹುದು.

ಮಣ್ಣೆಯಿಂದ ಬಂದ ಅಪ್ಪಣೆ

ನಾವು ಈ ಊರಿಗೆ ಹೊಸಬರೆಂಬ ಅಳುಕು ನಮ್ಮಲ್ಲಿ ಅನೇಕರಿಗಿದೆ. ನಗರ ರಸ್ತೆಯ ಬದಿಯಲ್ಲಿ, ಮುಳಾ-ಮುಠಾ ನದಿಯ ದಂಡೆಯಲ್ಲಿ ಹೊಲಗದ್ದೆಗಳ ನಡುವೆ ಇದ್ದ ಖರಾಡಿ ನೋಡುನೋಡುತ್ತಿದ್ದಂತೆ ಗಾಜಿನ ಗೋಪುರಗಳ ಊರಾಯಿತು. ಗಣಕಯಂತ್ರದ ಉದ್ಯೋಗವು ನಮ್ಮನ್ನು ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರುಗಳಿಂದ ಇಲ್ಲಿಗೆ ಎಳೆದುತಂದಿತು. ನಮಗಿಂತ ಮೊದಲು ಬಂದ ಕನ್ನಡಿಗರೂ ಬಹಳ. ಕರಾವಳಿಯಿಂದ ಬಂದು ಹೋಟೆಲು ನಡೆಸಿ ಪುಣೆಗೆ ಇಡ್ಲಿ-ದೋಸೆಗಳ ರುಚಿ ಹತ್ತಿಸಿದವರು, ಗದಗ ಸೀಮೆಯಿಂದ ಬಂದು ೧೯೫೩ರಿಂದ ತಮ್ಮ ಗುರುಗಳಾದ ಸವಾಯಿ ಗಂಧರ್ವರ ಹೆಸರಿನಲ್ಲಿ ಇಲ್ಲಿ ಸಂಗೀತೋತ್ಸವವನ್ನು ಬೆಳೆಸಿದ ಪಂಡಿತ ಭೀಮಸೇನ ಜೋಶಿಯವರು—ಇವರನ್ನು ಪುಣೆಯು ತನ್ನವರೆಂದೇ ಎಣಿಸಿತು. ಆದರೆ ನಂಟು ಇಷ್ಟಕ್ಕೇ ನಿಲ್ಲುವುದಿಲ್ಲ. ಅದು ಎಷ್ಟು ಹಳೆಯದೆಂಬುದನ್ನು ಒಂದು ತಾಮ್ರಪಟ ಹೇಳುತ್ತದೆ.

ಪುಣೆ ಜಿಲ್ಲೆಯ ತಳೇಗಾಂವಿನಲ್ಲಿ ದೊರೆತ ಆ ತಾಮ್ರಪಟವು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನದು. ಎಲ್ಲೋರದ ಕೈಲಾಸ ದೇವಾಲಯದೊಡನೆ ಹೆಸರು ಕೂಡಿರುವ ದೊರೆ ಈತನೇ. ಕಾಲ ಶಕ ೬೯೦, ಎಂದರೆ ಕ್ರಿ. ಶ. ೭೬೮. 'ಪೂನಕ ವಿಷಯ'ದಲ್ಲಿಯ ಗ್ರಾಮಗಳನ್ನು ದಾನಮಾಡಿದ ಸಂಗತಿ ಅದರಲ್ಲಿದೆ. ಈಗಿನ ಪುಣೆಯ ಹೆಸರಿನ ಹಳೆಯ ರೂಪಗಳಲ್ಲಿ ಇದೊಂದು. ಉರುಳಿ, ಥೇವೂರುಗಳ ಸೀಮೆಯ ಹಳ್ಳಿಗಳ ಹೆಸರುಗಳನ್ನು ವಿದ್ವಾಂಸರು ಅದರಲ್ಲಿ ಗುರುತಿಸಿದ್ದಾರೆ. ಖರಾಡಿಯನ್ನು ದಾಟಿ ಹರಿಯುವ ನಮ್ಮ ನದಿ ಮುಂದೆ ಹೋಗುವುದು ಆ ಹಳ್ಳಿಗಳ ಕಡೆಗೇ. ಇನ್ನು, ಈ ಅಪ್ಪಣೆ ಹೊರಟದ್ದು ಎಲ್ಲಿಂದ? ದೊರೆಯು ಆಗ ಗಂಗರ ಮೇಲೆ ದಂಡೆತ್ತಿ ಹೋಗಿ ಮಾನ್ಯನಗರದಲ್ಲಿ ಬೀಡುಬಿಟ್ಟಿದ್ದನು. ಮಾನ್ಯನಗರವೆಂದರೆ ಬೆಂಗಳೂರಿನ ಹತ್ತಿರ ನೆಲಮಂಗಲ ತಾಲೂಕಿನಲ್ಲಿರುವ ಈಗಿನ ಮಣ್ಣೆ. ನೆಲಮಂಗಲದಿಂದ ಖರಾಡಿಗೆ ಕೆಲಸಕ್ಕೆ ಬಂದ ತರುಣನು, ಸಾವಿರದ ಇನ್ನೂರೈವತ್ತು ವರ್ಷಗಳ ಹಿಂದೆ ಆ ಅಪ್ಪಣೆ ನಡೆದು ಬಂದ ದಾರಿಯಲ್ಲಿಯೇ ಬಂದಿದ್ದಾನೆಂದರೆ ಹೆಚ್ಚಲ್ಲ.

ಇಂಥ ಕೊಡುಕೊಳೆ ಎರಡೂ ಕಡೆಯಿಂದ ನಡೆದಿದೆ. ಪಂಢರಪುರದ ವಿಠ್ಠಲನ ಗುಡಿಯಲ್ಲಿ ೧೨೩೭ರ ಹೊಯ್ಸಳ ಸೋಮೇಶ್ವರನ ದಾನಶಾಸನವಿದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳುಗಳ ಜೊತೆಗೆ ಮರಾಠಿಯ ಸಾಲುಗಳೂ ಇವೆ. ಶಿವಾಜಿ ಮಹಾರಾಜರ ತಂದೆ ಶಹಾಜಿಯ ಸಮಾಧಿ ಇರುವುದು ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ. ಗಡಿಯ ಮಾತು ಬಂದಾಗ ಎರಡೂ ಕಡೆಯವರ ದನಿ ಏರುವುದುಂಟು. ಇತಿಹಾಸದ ಸಭೆಯಲ್ಲಿ ಶಾಸನವನ್ನು ಮುಂದಿಟ್ಟುಕೊಂಡು ಕುಳಿತಾಗ ಕನ್ನಡ ಬಲ್ಲವನು ಮರಾಠಿಯವನಿಗೂ, ಮೋಡಿ ಬಲ್ಲವನು ಕನ್ನಡಿಗನಿಗೂ ಬೇಕಾಗುತ್ತಾನೆ. ಅಲ್ಲಿ ದನಿ ತಾನಾಗಿ ಇಳಿಯುತ್ತದೆ.

ಸಭೆಯಲ್ಲಿ ತೀರಬೇಕಾದ ವಾದ ಬೀದಿಗೆ ಬಂದರೆ ಏನಾಗುತ್ತದೆಂಬುದನ್ನೂ ಪುಣೆ ಕಂಡಿದೆ. ೨೦೦೪ರ ಜನವರಿ ೫ರಂದು, ಒಂದು ಪುಸ್ತಕದ ಮೇಲಿನ ಕೋಪದಿಂದ, ಗುಂಪೊಂದು ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರಕ್ಕೆ ನುಗ್ಗಿತು. ೧೯೧೭ರಿಂದ ವಿದ್ವಾಂಸರು ಕಾಪಾಡಿಕೊಂಡು ಬಂದಿದ್ದ ಸಂಗ್ರಹಕ್ಕೆ ಕೆಲವೇ ಹೊತ್ತಿನಲ್ಲಿ ಹಾನಿಯಾಯಿತು. ಪುಸ್ತಕದ ತಪ್ಪಿಗೆ ಉತ್ತರ ಇನ್ನೊಂದು ಪುಸ್ತಕ. ಹರಿದ ಹಸ್ತಪ್ರತಿಗೆ ಉತ್ತರವೇ ಇಲ್ಲ.

ನಮ್ಮ ಗಂಟಿನಲ್ಲಿರುವ ಕಾಗದ

ಇಷ್ಟೆಲ್ಲ ಹೇಳಿದ್ದರ ತಾತ್ಪರ್ಯಕ್ಕೆ ಈಗ ಬರೋಣ. ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳ ಬಹುಭಾಗ ಪೇಶವೆಯರ ಆಳಿಕೆಗೂ, ೧೮೧೮ರ ತರುವಾಯ ಇಂಗ್ಲಿಷರ ಮುಂಬಯಿ ಇಲಾಖೆಗೂ ಒಳಪಟ್ಟಿದ್ದಿತು. ಆದುದರಿಂದ ಅಲ್ಲಿಯ ಕುಲಕರ್ಣಿ ದಫ್ತರಗಳು, ಇನಾಮಿನ ಸನದುಗಳು, ವ್ಯಾಪಾರಸ್ಥರ ಕೀರ್ದಿಗಳು, ಮಠಗಳ ಲೆಕ್ಕಗಳು ಎಷ್ಟೋ ಕಡೆ ಮೋಡಿಯಲ್ಲಿವೆ. ಶಾಲೆಗಳಲ್ಲಿ ಮೋಡಿ ಕಲಿಸುವುದು ನಿಂತು ಹಲವು ದಶಕಗಳಾದವು. ಅಜ್ಜ ಬರೆದದ್ದನ್ನು ಅಪ್ಪ ಕಷ್ಟಪಟ್ಟು ಓದಿದ. ಮಗನಿಗೆ ಅದು ಇರುವೆ ಹರಿದ ಗುರುತು. ಕನ್ನಡ ಅಕ್ಷರವೇ ಬಾರದ ಮೊಮ್ಮಗನಿಗೆ ಅಜ್ಜಿಯ ಕನ್ನಡ ಪತ್ರವೂ ಅಷ್ಟೇ. ಹೀಗೆ ಎರಡು ಲಿಪಿಗಳು ಒಂದೇ ಮನೆಯಲ್ಲಿ ಮೂಕವಾಗಿ ಕುಳಿತಿವೆ.

ಊರಿನ ಮನೆ ಮಾರುವಾಗ, ಅಣ್ಣತಮ್ಮಂದಿರು ಪಾಲಾಗುವಾಗ, ಒಂದು ಫ್ಲ್ಯಾಟಿನಿಂದ ಇನ್ನೊಂದಕ್ಕೆ ಹೋಗುವಾಗ ಮೊದಲು ಹೊರಬೀಳುವುದು ಹಳೆಯ ಕಾಗದದ ಗಂಟು. ಪಾತ್ರೆಗೆ ಬೆಲೆಯಿದೆ, ಮಂಚಕ್ಕೆ ಬೆಲೆಯಿದೆ. ಓದಲು ಬಾರದ ಕಾಗದಕ್ಕೆ ಕಿಲೋ ಲೆಕ್ಕದ ಬೆಲೆ. ಹಾಗೆ ಹೋದದ್ದು ಮರಳಿ ಬರುವುದಿಲ್ಲ. ಅದರಲ್ಲಿ ನಮ್ಮ ಹಳ್ಳಿಯ ಕೆರೆ ಯಾರು ಕಟ್ಟಿಸಿದರೆಂಬುದು ಇದ್ದಿತೋ, ಬರಗಾಲದಲ್ಲಿ ಯಾರು ಊರು ಬಿಟ್ಟರೆಂಬುದು ಇದ್ದಿತೋ, ಯಾವ ಹೊಲಕ್ಕೆ ಯಾರ ಹೆಸರಿತ್ತೆಂಬುದು ಇದ್ದಿತೋ, ಯಾರಿಗೆ ಗೊತ್ತು?

ಇಲ್ಲಿಯೇ ಪುಣೆಯಲ್ಲಿರುವ ನಮಗೆ ಒಂದು ಅನುಕೂಲವಿದೆ. ಊರಲ್ಲಿರುವ ನಮ್ಮ ಅಣ್ಣತಮ್ಮಂದಿರಿಗೂ ಅದು ಇಲ್ಲ. ಮೋಡಿ ಓದಬಲ್ಲವರು ಇನ್ನೂ ಇರುವ ಊರು ಪುಣೆ. ಮಂಡಳವೇ ಮೋಡಿಯ ವರ್ಗಗಳನ್ನು ನಡೆಸುತ್ತದೆ. ಪೇಶವೆ ದಫ್ತರವು ಇರುವುದೂ ಇಲ್ಲಿಯ ಸರಕಾರಿ ಪುರಾಭಿಲೇಖಾಗಾರದಲ್ಲಿ, ಗೋ. ಸ. ಸರದೇಸಾಯಿಯವರು ೧೯೩೦ರಿಂದ ೧೯೩೪ರ ವರೆಗೆ ಅದರಿಂದ ಆಯ್ದು ೪೫ ಸಂಪುಟಗಳನ್ನು ಪ್ರಕಟಿಸಿದರು. ಹೊಟ್ಟೆಪಾಡಿಗೆಂದು ಬಂದ ಊರೇ ನಮ್ಮ ಮನೆಯ ಪೆಟ್ಟಿಗೆಗೆ ಬೀಗದಕೈಯನ್ನು ಇಟ್ಟುಕೊಂಡಿದೆ. ಖರಾಡಿಯಿಂದ ಸದಾಶಿವ ಪೇಟೆಗೆ ಇರುವ ದೂರ ಹತ್ತು-ಹನ್ನೆರಡು ಕಿಲೋಮೀಟರು ಮಾತ್ರ.

ಓದುವ ಕ್ರಮವೂ ಬಹಳ ಕಠಿಣವಲ್ಲ. ಕಾಗದದ ಮೇಲಿನ ವರ್ಷ ಶಕದ್ದಾದರೆ ೭೮ ಕೂಡಿಸಬೇಕು, ಇಸವಿ ಸಿಗುತ್ತದೆ. ಪುಷ್ಯದ ನಂತರದ ತಿಥಿಗಳಿಗೆ ೭೯ ಹಿಡಿಯಬೇಕಾದೀತು. ಮರಾಠರ ಕಾಲದ ಕಾಗದಗಳಲ್ಲಿ ಅರಬ್ಬಿ ಸಂಖ್ಯಾಪದಗಳಲ್ಲಿ ಬರೆದ ಸುಹೂರ್ ಸನ್ ಬರುತ್ತದೆ. ಅದು ಮೃಗಶಿರ ನಕ್ಷತ್ರಕ್ಕೆ ಮೊದಲಾಗುವ ವರ್ಷ, ಅದಕ್ಕೆ ೫೯೯ ಅಥವಾ ೬೦೦ ಕೂಡಿಸಬೇಕು. ದಕ್ಷಿಣದ ಫಸಲಿಗೆ ೫೯೦ ಅಥವಾ ೫೯೧. ಬೆಳಗಿನಿಂದ ಸಂಜೆಯವರೆಗೆ ಅಂಕೆಗಳೊಡನೆಯೇ ಸೆಣಸುವ ನಮ್ಮ ತರುಣರಿಗೆ ಇದೇನು ಮಹಾ ಕೆಲಸ?

ವಿದ್ವಾಂಸರಲ್ಲದವರಿಂದ ಏನಾದೀತು ಎಂಬ ಸಂಶಯ ಬೇಡ. ೨೦೧೮ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಯ ಕೆಲಸ ನಡೆದಿದ್ದಾಗ, ಗಂಗರ ಶ್ರೀಪುರುಷನ ಕಾಲದ, ಕ್ರಿ. ಶ. ಸುಮಾರು ೭೫೦ರ ಕನ್ನಡ ಶಾಸನವುಳ್ಳ ವೀರಗಲ್ಲೊಂದು ದೊರೆಯಿತು. ಕಿತ್ತಯ್ಯನೆಂಬ ವೀರನ ಕಲ್ಲು ಅದು. ಅದನ್ನು ಉಳಿಸಿಕೊಂಡವರು ಊರಿನ ಉತ್ಸಾಹಿಗಳು. ಅವರಲ್ಲಿ ಇಂಜಿನಿಯರರೂ ಇದ್ದರು. ಆಮೇಲೆ ಮಿಥಿಕ್ ಸೊಸೈಟಿಯು ಬೆಂಗಳೂರು ಸೀಮೆಯ ಶಾಸನಗಳನ್ನೆಲ್ಲ ಮೂರು ಆಯಾಮದ ಚಿತ್ರಗಳಾಗಿ ತೆಗೆದಿಡುವ ಕೆಲಸವನ್ನು ಕೈಗೊಂಡಿತು. ಕಲ್ಲು ಸವೆದರೂ ಅಕ್ಷರ ಉಳಿಯುವಂತಾಯಿತು.

ನಮ್ಮ ಸಂಘವು ಮಾಡಬಹುದಾದದ್ದು

ವರ್ಷಕ್ಕೊಂದು ರಾಜ್ಯೋತ್ಸವ, ಹಾಡು, ಕುಣಿತ, ಊಟ—ಇವು ಬೇಕು. ಇವುಗಳ ಜೊತೆಗೆ ತಿಂಗಳಿಗೊಂದು ಸಂಜೆಯನ್ನು ಮಂಡಳದ ಮಾದರಿಯ ಸಭೆಗಾಗಿ ಮೀಸಲಿಡಬಾರದೆ? ಹಾರ-ತುರಾಯಿಗಳ ಖರ್ಚು ಬೇಡ. ಯಾರಾದರೊಬ್ಬರ ಮನೆಯ ಪಡಸಾಲೆ ಸಾಕು. ಪ್ರತಿ ಸಲ ಒಂದು ಮನೆಯವರು ಒಂದೇ ವಸ್ತುವನ್ನು ತರಲಿ: ಹಳೆಯ ಕಾಗದ, ಛಾಯಾಚಿತ್ರ, ಲಗ್ನದ ಖರ್ಚಿನ ಯಾದಿ, ಜಾತಕ, ಅಜ್ಜಿಯ ಹಾಡಿನ ವಹಿ, ಊರಿನ ಕಲ್ಲಿನ ಚಿತ್ರ. ಅದು ಎಲ್ಲಿಂದ ಬಂದಿತು, ಯಾರ ಕೈಯಲ್ಲಿದ್ದಿತು ಎಂಬುದನ್ನು ಮೊದಲು ಹೇಳಲಿ. ಕೇಳಿದವರು ಪ್ರಶ್ನಿಸಲಿ. ಗೊತ್ತಿದ್ದದ್ದನ್ನು ಗೊತ್ತಿದೆಯೆಂದೂ, ಊಹೆಯನ್ನು ಊಹೆಯೆಂದೂ ಬರೆದಿಡಲಿ. ಮೋಡಿಯ ಕಾಗದ ಬಂದರೆ ನಾಲ್ಕು ಜನ ಕೂಡಿ ಸದಾಶಿವ ಪೇಟೆಗೆ ಒಯ್ಯಲಿ.

ಕಾಗದವನ್ನು ಇಡುವ ಬಗೆಗೂ ಎರಡು ಮಾತು. ಹರಿದ ಕಾಗದಕ್ಕೆ ಅಂಟುಪಟ್ಟಿ ಹಚ್ಚಬಾರದು, ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಬಿಸಿಮಾಡಿ ಮುಚ್ಚಿಸಲೂಬಾರದು; ಎರಡೂ ಕೊನೆಗೆ ಕಾಗದವನ್ನು ತಿನ್ನುತ್ತವೆ. ಮೊದಲು ಎರಡೂ ಬದಿಗಳ ಚಿತ್ರ ತೆಗೆದುಕೊಳ್ಳಬೇಕು. ಅನಂತರ ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ ಕಡೆ ಇಡಬೇಕು. ಪೇಶವೆ ದಫ್ತರದ ಕಟ್ಟುಗಳನ್ನು 'ರುಮಾಲು' ಎಂದು ಕರೆಯುವುದು ಸುಮ್ಮನಲ್ಲ. ಬಟ್ಟೆಯ ರುಮಾಲೇ ಅವುಗಳನ್ನು ಉಳಿಸಿತು.

ಕಾಗದವಿಲ್ಲದ ಮನೆಗಳೂ ಬಹಳ ಇವೆ. ಅಕ್ಷರ ಕಲಿಯಲು ಅವಕಾಶವೇ ಇಲ್ಲದ ಹಿರಿಯರ ಮನೆಗಳಲ್ಲಿ ಕಾಗದ ಎಲ್ಲಿಂದ ಬರಬೇಕು? ಅವರ ಇತಿಹಾಸ ಬಾಯಿಯಲ್ಲಿದೆ. ಹದಿನಾಲ್ಕನೆಯ ವಯಸ್ಸಿಗೆ ಊರು ಬಿಟ್ಟು ಹೋಟೆಲಿನಲ್ಲಿ ಲೋಟ ತೊಳೆದವರು, ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲಿಯೇ ನಿಂತ ಕಲಬುರಗಿ, ಯಾದಗಿರಿ ಕಡೆಯ ಸಂಸಾರಗಳು—ನಾವು ಕೂಡುವ ಈ ಗೋಪುರಗಳನ್ನು ಎತ್ತಿದ ಕೈಗಳಲ್ಲಿ ಅವರವೂ ಸೇರಿವೆ. ಅವರ ಮಾತನ್ನು ಹೆಸರು, ಊರು, ವರ್ಷಗಳ ಸಹಿತ, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ಆ ಮಾತು ಇಲ್ಲದೆ ಪುಣೆಯ ಕನ್ನಡಿಗರ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆಯಾದೀತು.

ರಾಜವಾಡೆಯವರಾಗಲಿ ಆಲೂರರಾಗಲಿ ಯಾರ ಅಪ್ಪಣೆಗೂ ಕಾಯಲಿಲ್ಲ; ಇದ್ದ ನಾಲ್ಕು ಜನರನ್ನು ಕೂಡಿಸಿಕೊಂಡು ಕೆಲಸಕ್ಕೆ ತೊಡಗಿದರು. ನಮ್ಮಲ್ಲಿ ನಾಲ್ಕಲ್ಲ, ನಾಲ್ಕುನೂರು ಮನೆಗಳನ್ನು ಎಣಿಸುವುದೂ ಕಷ್ಟವಲ್ಲ. ಈ ದೀಪಾವಳಿಗೆ ಊರಿಗೆ ಹೋದಾಗ ಹಿರಿಯರನ್ನು ಕೇಳಿ, ಅಟ್ಟವನ್ನೊಮ್ಮೆ ಏರಿ ನೋಡಿರಿ. ಅಲ್ಲಿ ಗಂಟು ಸಿಕ್ಕರೆ ಬಿಚ್ಚುವ ಮುನ್ನ ಧೂಳು ಕೊಡವಿರಿ, ರದ್ದಿಯವನಿಗೆ ಮಾತ್ರ ಕೊಡಬೇಡಿರಿ. ಮುಂದಿನ ರಾಜ್ಯೋತ್ಸವದ ಸಂಚಿಕೆಯಲ್ಲಿ ಪುಲಿಕೇಶಿಯ ಹೆಸರಿನ ಕೆಳಗೆ ನಿಮ್ಮ ಅಜ್ಜನ ಹಳ್ಳಿಯ ಹೆಸರೂ, ಅದಕ್ಕೆ ಆಧಾರವಾದ ಕಾಗದದ ಚಿತ್ರವೂ ಅಚ್ಚಾಗಲಿ.